ಎರಡು ಬೆರಳು ವಾಲಿದ ಕಮಾನು

ನಾನು ಗೇಟು, ಗ್ರಿಲ್ಲು ಮಾಡುವವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳಲಿರುವ ಕೆಲಸ ನನ್ನದಲ್ಲ. ಹೈದರಾಬಾದಿನ ಲಿಂಗಂಪಲ್ಲಿ ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಒಂದು ತಗಡಿನ ಶೆಡ್ಡಿನಲ್ಲಿ ನನ್ನ ಅಂಗಡಿ ಇತ್ತು. ಮಾದಾಪುರದ ಕಡೆ ಗಾಜಿನ ಕಟ್ಟಡಗಳು ಎದ್ದು, ಅವುಗಳೊಳಗೆ ಕೆಲಸ ಮಾಡುವವರು ಮನೆ ಕಟ್ಟಿಸತೊಡಗಿದ ಮೇಲೆ ಕಬ್ಬಿಣವನ್ನು ಕೇಳುವವರೇ ಇಲ್ಲವಾದರು. ಎಲ್ಲರಿಗೂ ಸ್ಟೀಲೇ ಬೇಕು. ಮೆಟ್ಟಿಲಿಗೆ ಸ್ಟೀಲು, ಬಾಲ್ಕನಿಗೆ ಸ್ಟೀಲು, ತುಳಸಿಕಟ್ಟೆಯ ಸುತ್ತಲೂ ಸ್ಟೀಲು. ಒಬ್ಬರಂತೂ ನಾಯಿಯ ಗೂಡಿಗೆ ಸ್ಟೀಲಿನ ಬಾಗಿಲು ಮಾಡಿಸಿಕೊಂಡರು. ಮಾಡಿಕೊಟ್ಟೆ. ನನ್ನ ಗಂಟೇನು ಹೋಗಬೇಕು?

ಹಾಗೆ ಮೆಟ್ಟಿಲಿನ ಕಂಬಿ ಮಾಡಿಸಿಕೊಂಡಿದ್ದ ಒಬ್ಬ ಸಾಹೇಬರು ಒಂದು ಬೆಳಿಗ್ಗೆ ಫೋನ್ ಮಾಡಿ, ತಮ್ಮ ಬೋಟಿನ ಮೇಲೆ ಒಂದು ಟವರ್ ಕೂರಿಸಿಕೊಡಬೇಕು ಎಂದರು. ಅಮೆರಿಕದಲ್ಲಿ ಬಹಳ ವರ್ಷ ಇದ್ದು, ಮಾದಾಪುರದ ಒಂದು ಕಂಪನಿಯ ದೊಡ್ಡ ಕುರ್ಚಿಗೆಂದು ವಾಪಸು ಬಂದಿದ್ದವರು. ಅವರ ಬೋಟು ಸಣ್ಣದು, ಐದಾರು ಮಂದಿ ಕೂರುವಂಥ ಫೈಬರಿನದು. ಟವರ್ ಅಂದರೆ ಅದರ ಮೇಲೆ ಕಮಾನಿನ ಹಾಗೆ ನಿಲ್ಲುವ ಪೈಪಿನ ಚೌಕಟ್ಟು. ಕೆಳಗೆ ನಾಲ್ಕು ಕಾಲು, ಮೇಲೆ ಒಂದು ಬಾಗು. ಆ ಬಾಗಿನ ನಡುವೆ ಹಗ್ಗ ಕಟ್ಟುತ್ತಾರೆ. ಹಗ್ಗದ ಇನ್ನೊಂದು ತುದಿಯನ್ನು ಹಿಡಿದ ಮನುಷ್ಯ ಕಾಲಿಗೆ ಹಲಗೆ ಕಟ್ಟಿಕೊಂಡು ಬೋಟಿನ ಹಿಂದೆ ನೀರಿನ ಮೇಲೆ ಜಾರುತ್ತಾನೆ. ಹಗ್ಗ ಎತ್ತರದಿಂದ ಎಳೆದರೆ ಅವನು ಅಲೆಯ ಮೇಲಿಂದ ಹಾರಬಹುದಂತೆ. ಇದಕ್ಕೆ ವೇಕ್‌ಬೋರ್ಡಿಂಗ್ ಅನ್ನುತ್ತಾರೆ ಎಂದು ಅವರು ಬಹಳ ತಾಳ್ಮೆಯಿಂದ ತಿಳಿಸಿ ಹೇಳಿದರು. ನಮ್ಮ ಓಣಿಗೆ ನಲ್ಲಿ ನೀರು ಎರಡು ದಿನಕ್ಕೊಮ್ಮೆ ಬರುತ್ತಿದ್ದ ಕಾಲ ಅದು. ಸರಿ ಸಾರ್ ಎಂದೆ.

ಆಗ ನಾನು ಎಲ್ಲದಕ್ಕೂ ಸರಿ ಅನ್ನುತ್ತಿದ್ದೆ. ಹೆಂಡತಿ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಜ್ವರ ಎಂದು ಮಲಗಿದವಳು ಒಂಬತ್ತನೆಯ ದಿನ ಇಲ್ಲ. ನಮಗೆ ಮಕ್ಕಳಿರಲಿಲ್ಲ. ಮಣ್ಣು ಮಾಡಿ ಬಂದ ದಿನ ನೆಂಟರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು, ಈಗ ಅತ್ತಾನು, ಇನ್ನೊಂದು ಗಳಿಗೆಗೆ ಅತ್ತಾನು ಎಂದು. ನನಗೆ ಅಳು ಬರಲಿಲ್ಲ. ಬಾರದ್ದನ್ನು ಎಲ್ಲಿಂದ ತರಲಿ? ಹಲ್ಲು ಕೀಳಿಸುವ ಮೊದಲು ಸೂಜಿ ಚುಚ್ಚಿದಾಗ ದವಡೆ ಹೇಗಿರುತ್ತದೋ, ಮೈಯೆಲ್ಲ ಹಾಗಿತ್ತು. ಮುಟ್ಟಿದರೆ ಮುಟ್ಟಿದ್ದು ಗೊತ್ತಾಗುತ್ತದೆ, ನೋವು ಮಾತ್ರ ಇಲ್ಲ. ಮರುವಾರವೇ ಅಂಗಡಿ ತೆಗೆದೆ. ಜನ ಏನು ಬೇಕಾದರೂ ಅಂದುಕೊಳ್ಳಲಿ, ಅವರ ಬಾಯಿ, ಅವರ ಖುಷಿ.

ಮನೆಯಲ್ಲಿ ಉಳಿದದ್ದು ನಾನು ಮತ್ತು ಮಾವ, ಅಂದರೆ ಅವಳ ಅಪ್ಪ. ಬೀದರ್ ಕಡೆಯವರು. ಹೈದರಾಬಾದಿನ ಒಂದು ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದು ರಿಟೈರಾದವರು. ಅತ್ತೆ ಮೊದಲೇ ಹೋಗಿದ್ದರು. ಕ್ವಾರ್ಟರ್ಸ್ ಬಿಟ್ಟ ಮೇಲೆ ಮಾವ ಮಗಳ ಮನೆಗೆ ಬಂದರು, ಈಗ ಮಗಳಿಲ್ಲದ ಮನೆಯಲ್ಲಿ ಅಳಿಯನ ಜೊತೆ ಇದ್ದರು. ಬೆಳಿಗ್ಗೆ ನಾನು ಅನ್ನಕ್ಕಿಡುತ್ತಿದ್ದೆ, ಅವರು ಬೇಳೆ ಬೇಯಿಸುತ್ತಿದ್ದರು. ರೊಟ್ಟಿ ಬಡಿಯಲು ಇಬ್ಬರಿಗೂ ಬಾರದು. ಪಕ್ಕದಲ್ಲಿ ಏಳುತ್ತಿದ್ದ ಅಪಾರ್ಟ್‌ಮೆಂಟಿನಲ್ಲಿ ಕೂಲಿಗಿದ್ದ ರಾಯಚೂರು ಕಡೆಯ ಹೆಂಗಸೊಬ್ಬಳು ದಿನಾ ಆರು ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದಳು. ಅದನ್ನು ಡಬ್ಬಿಗೆ ಹಾಕಿಕೊಂಡು ಇಬ್ಬರೂ ಅಂಗಡಿಗೆ ಹೋಗುತ್ತಿದ್ದೆವು. ಅಂಗಡಿಯಲ್ಲಿ ಅವರಿಗೆ ಇಂಥದೇ ಕೆಲಸ ಎಂದಿರಲಿಲ್ಲ. ನಾನು ಮಾಡಿದ್ದನ್ನು ನೋಡಿ ಮುಖ ಸಿಂಡರಿಸುವುದೇ ಕೆಲಸ. ಒಂದು ನೂಲು ಹೆಚ್ಚುಕಡಿಮೆಯಾಗಿದ್ದರೂ ಅವರ ಬೆರಳಿಗೆ ಗೊತ್ತಾಗುತ್ತಿತ್ತು. ಗೇಟಿಗೆ ಇಷ್ಟೆಲ್ಲ ಬೇಕೇನ್ರಿ ಎಂದು ನಾನು ರೇಗುತ್ತಿದ್ದೆ. ತೀರಿಕೊಂಡವಳ ಮಾತನ್ನು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ.

ಹೆಂಡತಿಯ ಅಣ್ಣ ಗುಲ್ಬರ್ಗಾದಲ್ಲಿ ಮಾಸ್ತರನಾಗಿದ್ದ. ವಾರಕ್ಕೊಮ್ಮೆ ಫೋನ್ ಮಾಡಿ ಅಪ್ಪನನ್ನು ತನ್ನಲ್ಲಿಗೆ ಕರೆಯುತ್ತಿದ್ದ. ಅವನು ಹೇಳುವುದರಲ್ಲಿ ತಪ್ಪೇನೂ ಇರಲಿಲ್ಲ. ಮಗಳೇ ಇಲ್ಲದ ಮೇಲೆ ಅಳಿಯನ ಮನೆಯಲ್ಲಿ ಯಾವ ಮುಖ ಇಟ್ಟುಕೊಂಡು ಇರುವುದು? ನಾಳೆ ಆ ಮನುಷ್ಯ ಇನ್ನೊಂದು ಮದುವೆ ಆಗಬೇಡವೇ? ಮೊದಲ ಹೆಂಡತಿಯ ಅಪ್ಪ ಪಡಸಾಲೆಯಲ್ಲಿ ಕೂತಿರುವ ಮನೆಗೆ ಯಾರು ಹೆಣ್ಣು ಕೊಡುತ್ತಾರೆ? ಇದನ್ನೇ ಅವನು ಒಮ್ಮೆ ನನ್ನೆದುರಿಗೂ ಆಡಿದ. ನನ್ನ ಮೈ ಉರಿಯಬೇಕಿತ್ತು, ಉರಿಯಲಿಲ್ಲ. ನೀವು ಹ್ಯಾಂಗ ಅಂತೀರೋ ಹಂಗ ಎಂದು ಎದ್ದು ಹೋದೆ. ಆದರೆ ಅವತ್ತಿನಿಂದ ಒಂದು ಮಾತ್ರ ನನಗೆ ಖಚಿತವಾಗಿ ಗೊತ್ತಿತ್ತು: ಮಾವ ಹೊರಟುಹೋದರೆ ಆ ಮನೆಯಲ್ಲಿ ನಾನೊಬ್ಬನೇ ಇರಲಾರೆ. ಅವರಿಗೆ ಇದನ್ನು ಹೇಳಲು ನಾಲಿಗೆ ಏಳುತ್ತಿರಲಿಲ್ಲ. ನಮ್ಮಿಬ್ಬರ ನಡುವೆ ಇದ್ದ ನಂಟೇ ಹೋಗಿತ್ತಲ್ಲ, ಇನ್ನು ಯಾವ ಹಕ್ಕಿನ ಮೇಲೆ ಇರಿ ಎನ್ನಲಿ?

ಬೋಟಿನ ಕೆಲಸ ಒಪ್ಪಿಕೊಂಡ ವಾರವೇ ಅವನು ಅಪ್ಪನಿಗೆ ಟಿಕೆಟ್ ತೆಗೆಸುತ್ತೇನೆ ಎಂದು ಹಟ ಹಿಡಿದ. ಮಾವ ಫೋನಿನಲ್ಲಿ ಹೇಳಿದ್ದು ನನಗೂ ಕೇಳಿಸಿತು.

"ಒಂದು ಬೋಟಿನ ಕೆಲಸ ಬಂದೈತಿ. ಅದು ಮುಗೀಲಿ. ಮುಗಿದ ಮ್ಯಾಲ ಬರ್ತೀನಿ."

ಅಲ್ಲಿಗೆ ಲೆಕ್ಕ ತೀರಿತು ಅಂದುಕೊಂಡೆ. ಒಂದು ವಾರವೋ, ಹತ್ತು ದಿನವೋ. ಆಮೇಲೆ ಅವರು ಗುಲ್ಬರ್ಗಾದಲ್ಲಿ, ನಾನು ಇಲ್ಲಿ.

ಸಾಹೇಬರ ಮನೆಯ ಪೋರ್ಟಿಕೊದಲ್ಲಿ ಬೋಟು ಟ್ರೇಲರಿನ ಮೇಲೆ ನಿಂತಿತ್ತು. ಟವರಿನ ಭಾಗಗಳು ಎರಡು ಉದ್ದನೆಯ ರಟ್ಟಿನ ಪೆಟ್ಟಿಗೆಗಳಲ್ಲಿ ಅಮೆರಿಕದಿಂದ ಬಂದಿದ್ದವು, ಜೊತೆಗೊಂದು ಇಂಗ್ಲಿಷ್ ಕಾಗದ. ಸಾಹೇಬರು ಅದನ್ನು ಓದಿ ಅರ್ಧ ತೆಲುಗಿನಲ್ಲಿ, ಅರ್ಧ ಕೈಸನ್ನೆಯಲ್ಲಿ ತಿಳಿಸಿ ಆಫೀಸಿಗೆ ಹೋದರು. ಕಾಲಿನ ಪೈಪುಗಳು ಬೇಕಾದ್ದಕ್ಕಿಂತ ಉದ್ದವಾಗಿದ್ದವು. ಒಂದೊಂದು ಬೋಟಿನ ಅಳತೆ ಒಂದೊಂದು ಥರ, ಅದಕ್ಕೆ ಜಾಗದಲ್ಲೇ ಅಳೆದು ಕೊಯ್ದುಕೊಳ್ಳಬೇಕು. ಬೋಟಿನ ಎರಡೂ ಅಂಚಿನಲ್ಲಿ ತೂತು ಕೊರೆದು ನಾಲ್ಕು ಪಾದ ಕೂರಿಸಬೇಕು. ಫೈಬರು ತೆಳ್ಳಗಿರುವುದರಿಂದ ಕೆಳಗಡೆಯಿಂದ ಒಂದೊಂದು ದಪ್ಪ ಪಟ್ಟಿ ಕೊಟ್ಟು ಬೋಲ್ಟು ಬಿಗಿಯಬೇಕು, ಇಲ್ಲವಾದರೆ ಹಗ್ಗ ಎಳೆದ ರಭಸಕ್ಕೆ ಪಾದವೇ ಕಿತ್ತು ಬರುತ್ತದೆ.

ತೂತು ಕೊರೆದದ್ದು ಮಾವ. ಕೊರೆಯುವ ಜಾಗಕ್ಕೆಲ್ಲ ಮೊದಲು ಟೇಪು ಅಂಟಿಸಿದರು. ಡ್ರಿಲ್ಲನ್ನು ಮೊದಮೊದಲು ಉಲ್ಟಾ ತಿರುಗಿಸಿ, ಮೇಲಿನ ಹೊಳಪಿನ ಪದರ ಸವೆದ ಮೇಲೆ ಸೀದಾ ತಿರುಗಿಸಿದರು. ಅಂಚಿನಲ್ಲಿ ಒಂದು ಚಕ್ಕೆಯೂ ಏಳಲಿಲ್ಲ. ಇಂಥ ಬೋಟನ್ನು ಅವರು ಅದಕ್ಕೆ ಮೊದಲು ಕಣ್ಣಾರೆ ನೋಡಿದವರಲ್ಲ. ಬಗ್ಗಿ ಕೂತು, ತೂತಿನ ಒಳಗೆ ಕಿರುಬೆರಳು ಆಡಿಸಿ ನೋಡಿ, ತಲೆ ಅಲ್ಲಾಡಿಸಿದರು. ಬಹಳ ದಿನದ ಮೇಲೆ ಅವರ ಮುಖದಲ್ಲಿ ಸಮಾಧಾನ ಕಂಡೆ. ನನಗೆ ಅದನ್ನು ನೋಡಿ ಸಂತೋಷ ಆಗಬೇಕಿತ್ತು. ಇವರು ಹೀಗೆ ಚಕಚಕ ಮಾಡಿದರೆ ಕೆಲಸ ಬುಧವಾರಕ್ಕೇ ಮುಗಿಯುತ್ತದಲ್ಲ ಎಂದಷ್ಟೇ ಅನ್ನಿಸಿತು.

ಮಟ್ಟ ನೋಡುವುದು ನನ್ನ ಪಾಲಿನದು. ನಮ್ಮ ಕಸುಬಿನಲ್ಲಿ ನೆಲ ಎಂದೂ ಮಟ್ಟವಾಗಿರುವುದಿಲ್ಲ, ಅದಕ್ಕೇ ಮೇಸ್ತ್ರಿಗಳ ಹಾಗೆ ನೀರಿನ ಪೈಪು ಹಿಡಿಯುತ್ತೇವೆ. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಎರಡು ತುದಿಗಳನ್ನು ಎರಡು ಕಡೆ ಎತ್ತಿ ಹಿಡಿದರೆ, ನೀರು ಎರಡೂ ಕಡೆ ಒಂದೇ ಎತ್ತರದಲ್ಲಿ ನಿಲ್ಲುತ್ತದೆ. ನಾನು ಕೂರಿಸಿದ ಎಲ್ಲ ಗೇಟು, ಎಲ್ಲ ಬಾಲ್ಕನಿ ಹಾಗೇ ಕೂರಿಸಿದ್ದು. ಇಲ್ಲಿಯೂ ಟವರಿನ ಮೇಲಿನ ಬಾಗನ್ನು ಕಟ್ಟಿಗೆ ಊರುಗೋಲುಗಳ ಮೇಲೆ ನಿಲ್ಲಿಸಿ, ಒಂದು ತುದಿ ನಾನು ಹಿಡಿದು ಇನ್ನೊಂದನ್ನು ಮಾವನ ಕೈಗೆ ಕೊಟ್ಟೆ. ಬಾಗಿನ ಎರಡೂ ಭುಜಗಳನ್ನು ನೀರಿನ ಮಟ್ಟಕ್ಕೆ ತಂದು, ಅಲ್ಲಿಂದ ಕೆಳಗಿನ ಪಾದಗಳವರೆಗೆ ಅಳೆದು, ನಾಲ್ಕೂ ಕಾಲಿನ ಮೇಲೆ ಗುರುತು ಹಾಕಿದೆ. ಎಡಗಡೆಯ ಕಾಲುಗಳು ಬಲಗಡೆಯವಕ್ಕಿಂತ ಎರಡು ಬೆರಳು ಉದ್ದ ಬಂದವು. ಸೆಕೆಂಡ್‌ಹ್ಯಾಂಡ್ ಬೋಟು, ಅಂಚೇ ಸೊಟ್ಟ ಇರಬೇಕು ಎಂದುಕೊಂಡೆ. ಮಾವ ಬಾಯಿ ಬಿಡಲಿಲ್ಲ. ಹೊತ್ತಾಗಿತ್ತು, ಕೊಯ್ಯುವುದು ನಾಳೆಗಿರಲಿ ಎಂದು ಮನೆಗೆ ಬಂದೆವು.

ಮರುದಿನ ಮಾವ ಹೊರಗೆ ಚಹಾ ಕುಡಿಯಲು ಹೋಗಿದ್ದಾಗ ನನ್ನ ಕೈಯಿಂದ ಒಂದು ಬೋಲ್ಟು ಜಾರಿ ಬಿತ್ತು. ಬಿದ್ದದ್ದು ಅಲ್ಲೇ ನಿಲ್ಲದೆ ಉರುಳುತ್ತ ಉರುಳುತ್ತ ಪೋರ್ಟಿಕೊದ ಎಡ ಮೂಲೆಯ ಮೋರಿಯವರೆಗೆ ಹೋಯಿತು. ಮಳೆ ನೀರು ಹರಿದುಹೋಗಲೆಂದು ನೆಲಕ್ಕೆ ಆ ಕಡೆ ಇಳಿಜಾರು ಕೊಟ್ಟಿದ್ದರು. ಬಗ್ಗಿ ನೋಡಿದೆ. ಟ್ರೇಲರಿನ ಎಡ ಟೈರಿನಲ್ಲಿ ಗಾಳಿಯೂ ಕಡಿಮೆ ಇತ್ತು. ಬೋಟು ಎಡಕ್ಕೆ ವಾಲಿಕೊಂಡು ನಿಂತಿತ್ತು. ವಾಲಿದ ಬೋಟಿನ ಮೇಲೆ ನಾನು ಭೂಮಿಗೆ ಮಟ್ಟವಾಗಿ ಕಮಾನು ನಿಲ್ಲಿಸಲು ಹೊರಟಿದ್ದೆ. ಎಂಥ ಮಂಗ ನಾನು. ಮನೆಯಾದರೆ ಇದ್ದಲ್ಲೇ ಇರುತ್ತದೆ. ಬೋಟು ನೀರಿಗಿಳಿದ ತಕ್ಷಣ ನೆಟ್ಟಗೆ ಕೂರುತ್ತದೆ, ಆಗ ಕಮಾನು ಬಲಕ್ಕೆ ಬಾಗಿ ನಿಲ್ಲುತ್ತದೆ. ಗ್ರಿಲ್ಲಿನವನ ಕೈಗೆ ಬೋಟು ಕೊಟ್ಟರೆ ಇನ್ನೇನಾಗುತ್ತದೆ?

ಪೈಪು ಇನ್ನೂ ಕೊಯ್ದಿರಲಿಲ್ಲ. ಗುರುತು ಅಳಿಸಿ ಬೇರೆ ಹಾಕಿದ್ದರೆ ಮುಗಿಯಿತು, ಸಂಜೆಯೊಳಗೆ ಟವರ್ ನಿಲ್ಲುತ್ತಿತ್ತು. ರವಿವಾರ ಮಾವ ರೈಲು ಹತ್ತುತ್ತಿದ್ದರು. ಬೋಲ್ಟನ್ನು ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಮೋರಿಯ ಹತ್ತಿರವೇ ಕುಕ್ಕರಗಾಲಲ್ಲಿ ಕೂತಿದ್ದೆ. ಎಡಗಡೆಯ ಕಾಲು ಉದ್ದವಿರುವುದು, ಉದ್ದವಿದ್ದದ್ದನ್ನು ಆಮೇಲೆ ಗಿಡ್ಡ ಮಾಡಬಹುದು, ಸಾಹೇಬರಿಗೆ ನಷ್ಟವೇನೂ ಇಲ್ಲ ಎಂದು ತಲೆ ತಾನೇ ತಾನಾಗಿ ಲೆಕ್ಕ ಹಾಕಿತು. ಎದ್ದು ಹೋಗಿ ಹಳೆಯ ಗುರುತಿನ ಮೇಲೆಯೇ ಕೊಯ್ದೆ. ನನ್ನ ಜನ್ಮದಲ್ಲಿ ಗೊತ್ತಿದ್ದೂ ಕೆಟ್ಟ ಕೆಲಸ ಮಾಡಿದ್ದು ಅದೊಂದೇ ಸಲ. ಮಾವ ಬಂದು, ಕೊಯ್ದ ತುದಿಗಳನ್ನು ಅರದಿಂದ ಉಜ್ಜಿ ನುಣುಪು ಮಾಡಿದರು. ಕೂದಲೆಳೆ ವ್ಯತ್ಯಾಸ ಹಿಡಿಯುವ ಮನುಷ್ಯನಿಗೆ ಎರಡು ಬೆರಳು ಕಾಣಲಿಲ್ಲವಲ್ಲ, ದುಃಖ ಇವರ ಕಣ್ಣನ್ನೂ ತಿಂದುಬಿಟ್ಟಿತು ಎಂದುಕೊಂಡೆ.

ರವಿವಾರ ಬೆಳಿಗ್ಗೆ ಬೋಟನ್ನು ಊರಾಚೆ ಸಾಹೇಬರ ಗೆಳೆಯರೊಬ್ಬರ ತೋಟಕ್ಕೆ ಅಂಟಿಕೊಂಡಿದ್ದ ಕೆರೆಗೆ ಒಯ್ದರು. ನಮ್ಮನ್ನೂ ಕರೆದಿದ್ದರು. ಆಫೀಸಿನ ಏಳೆಂಟು ಮಂದಿ ಚಡ್ಡಿ, ಕೂಲಿಂಗ್ ಗ್ಲಾಸು ಹಾಕಿಕೊಂಡು ದಂಡೆಯ ಮೇಲೆ ನಿಂತಿದ್ದರು. ಟ್ರೇಲರನ್ನು ಹಿಂದಕ್ಕೆ ಸರಿಸಿ ಬೋಟನ್ನು ನೀರಿಗೆ ಬಿಟ್ಟರು. ಬೋಟು ಒಂದೆರಡು ಸಲ ಓಲಾಡಿ ನೆಟ್ಟಗೆ ನಿಂತಿತು. ಕಮಾನು ನಿಲ್ಲಲಿಲ್ಲ. ತಲೆಯ ಮೇಲಿನ ಟೋಪಿ ಒಂದು ಕಿವಿಯ ಕಡೆ ಜಾರಿದ ಹಾಗೆ ಬಲಕ್ಕೆ ವಾಲಿ ಎಲ್ಲರಿಗೂ ಕಾಣಿಸಿತು.

ಗೆಳೆಯರು ನಕ್ಕರು. ಸಾಹೇಬರು ಮೊದಲು ನಕ್ಕು, ಆಮೇಲೆ ಕೆಂಪಗಾದರು. ಕಣ್ಣಿದ್ದವನು ಮಾಡುವ ಕೆಲಸವೇ ಇದು ಎಂದು ತೆಲುಗಿನಲ್ಲಿ ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮಾವ ಮುಂದೆ ಬಂದರು. ಅಳತೆ ತಮ್ಮದು, ತಪ್ಪು ತಮ್ಮದು, ಅಳಿಯ ತಾವು ಹೇಳಿದಷ್ಟು ಕೊಯ್ದಿದ್ದಾನೆ ಅಷ್ಟೇ, ಎಂದು ಕಾರ್ಖಾನೆಯ ಹಿಂದಿಯಲ್ಲಿ ಹೇಳಿ ಕೈಮುಗಿದರು. ಮೂವತ್ತು ವರ್ಷ ಒಂದೂ ಅಳತೆ ತಪ್ಪದ ಮನುಷ್ಯ, ಚಡ್ಡಿ ಹಾಕಿಕೊಂಡ ಹುಡುಗರ ಮುಂದೆ ಕೈಮುಗಿದು ನಿಂತರು. ನನಗೆ ನಾಚಿಕೆಯಾಯಿತು. ನಾಲ್ಕು ತಿಂಗಳಲ್ಲಿ ಮನಸ್ಸಿಗೆ ಏನಾದರೂ ತಟ್ಟಿದ್ದು ಎಂದರೆ ಅದೇ ಮೊದಲು.

ಮುಂದಿನ ರವಿವಾರದೊಳಗೆ ಸರಿಮಾಡಿಕೊಡುವುದು ಎಂದಾಯಿತು. ಗುಲ್ಬರ್ಗಾಕ್ಕೆ ಮಾವ ಫೋನ್ ಮಾಡಿ ಇನ್ನೊಂದು ವಾರ ಆಗುತ್ತದೆ ಎಂದರು. ಮಗ ಸಿಟ್ಟಾಗಿ, ಆ ರವಿವಾರ ತಾನೇ ಬಂದು ಕರೆದುಕೊಂಡು ಹೋಗುತ್ತೇನೆ ಎಂದನಂತೆ.

ವಾರದ ನಡುವೆ ಒಂದು ದಿನ ಮತ್ತೆ ಪೋರ್ಟಿಕೊಗೆ ಹೋದೆವು. ನೀರಿನ ಪೈಪನ್ನು ನಾನು ತಂದಿರಲಿಲ್ಲ, ಮಾವ ಅದನ್ನು ಕೇಳಲೂ ಇಲ್ಲ. ಬೋಟಿನ ಅಂಚಿನಿಂದಲೇ ಎರಡೂ ಕಡೆ ಅಳೆದರು, ಎಡಗಡೆಯ ಎರಡು ಕಾಲು ಬಿಚ್ಚಿ ಎರಡು ಬೆರಳು ಕೊಯ್ದರು, ಮತ್ತೆ ಕೂರಿಸಿದರು. ಒಂದು ತಾಸಿನ ಕೆಲಸ. ಮಧ್ಯಾಹ್ನ ಟ್ರೇಲರಿನ ನೆರಳಿನಲ್ಲಿ ಡಬ್ಬಿ ಬಿಚ್ಚಿದೆವು. ಅವರು ಕೈಮುಗಿದು ನಿಂತದ್ದು ನನ್ನ ಕಣ್ಣ ಮುಂದಿನಿಂದ ಹೋಗಿರಲಿಲ್ಲ. ಹೇಳಿಬಿಟ್ಟೆ.

"ಮಾವಾರ, ಬೋಟು ವಾಲೇತಿ ಅಂತ ನನಗ ಕೊಯ್ಯೂಕಿಂತ ಮೊದಲ ಗೊತ್ತಾಗಿತ್ರಿ. ಗೊತ್ತಿದ್ದ ಕೊಯ್ದೆ."

ಅವರು ರೊಟ್ಟಿ ಮುರಿಯುತ್ತಿದ್ದರು, ಕೈ ನಿಲ್ಲಿಸಲಿಲ್ಲ. "ನನಗ ನೀರಿನ ಪೈಪ್ ಹಿಡಿದಾಗ ಗೊತ್ತಾಗಿತ್ತು," ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. ಗೊತ್ತಿದ್ದೂ ಸುಮ್ಮನಿದ್ದದ್ದಲ್ಲದೆ ಅಷ್ಟು ಮಂದಿಯ ಮುಂದೆ ತಪ್ಪು ಹೊತ್ತುಕೊಂಡರಲ್ಲ, ಇದೇನು ಹುಚ್ಚಾಟ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ಪೂರ್ತಿ ಕೇಳಿಸಿಕೊಂಡು, ನೀವು ಯಾಕೆ ಕೊಯ್ದಿರಿ ಎಂದು ಮೆಲ್ಲಗೆ ಕೇಳಿದರು.

"ಕೆಲಸ ಮುಗದ್ರ ನೀವು ಹೊಂಟ್ಹೋಗ್ತೀರಲ್ರಿ," ಎಂದೆ. ಅಷ್ಟು ದಿನ ಏಳದ ನಾಲಿಗೆ ಎದ್ದಿತು.

ಅವರು ತುತ್ತು ಅಗಿದು ಮುಗಿಸಿದರು. ನೀರು ಕುಡಿದರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು.

"ನನಗ ಹೋಗಾಕ ಏನೂ ತ್ರಾಸಿಲ್ಲ, ಮಗನ ಮನಿ ಅದು. ಆದ್ರ ನೀವು ಇನ್ನೂ ಅತ್ತಿಲ್ಲ. ನಾ ದಿನಾ ನಿಮ್ಮ ಮುಖಾ ನೋಡಾಕತ್ತೀನಿ. ಅಕಿ ಹೋಗಿ ಇಷ್ಟು ದಿನಾತು, ಅಳದ ಮನಿಷಾನ್ನ ಒಬ್ಬನ್ನ ಬಿಟ್ಟು ನಾ ಹ್ಯಾಂಗ ಹೋಗ್ಲಿ? ನೀವು ಒಮ್ಮೆ ಅತ್ತುಬಿಡ್ರಿ. ಆಮ್ಯಾಲ ಹೋಗ್ತೀನಿ."

ನಾನು ಅವರನ್ನು ಹಿಡಿದಿಟ್ಟುಕೊಂಡಿದ್ದೇನೆ ಎಂದು ತಿಳಿದಿದ್ದೆ. ಅವರು ನನ್ನನ್ನು ಕಾಯುತ್ತ ಕೂತಿದ್ದರು. ಸುಳ್ಳು ಯಾಕೆ ಹೇಳಲಿ, ಅಳು ಬಂದಿತ್ತು. ಇನ್ನೊಂದು ಕ್ಷಣ ಬಿಟ್ಟಿದ್ದರೆ ಆ ಪೋರ್ಟಿಕೊದಲ್ಲೇ ಗೊಳೋ ಎಂದು ಅತ್ತುಬಿಡುತ್ತಿದ್ದೆ. ಆದರೆ ಅತ್ತರೆ ಅವರು ರವಿವಾರವೇ ರೈಲು ಹತ್ತುತ್ತಾರೆ. ದೊಡ್ಡದೊಂದು ತುತ್ತು ರೊಟ್ಟಿಯನ್ನು ಬಾಯಿಗೆ ತುರುಕಿಕೊಂಡು ಅದರ ಜೊತೆ ಅಳುವನ್ನೂ ನುಂಗಿದೆ.

"ಅಳು ಬರವಲ್ದ್ರಿ, ಮಾವಾರ," ಎಂದೆ.

"ಆತು ಬಿಡ್ರಿ," ಎಂದರು. "ಹಂಗಾರ ಇರ್ತೀನಿ."

ರವಿವಾರ ಮಗ ಬಂದ. ಅಪ್ಪ ಬರುವುದಿಲ್ಲ ಎಂದಾಗ ನಾನೇ ತಲೆ ಕೆಡಿಸಿದ್ದೇನೆ ಎಂದು ಕೂಗಾಡಿ, ಊಟ ಮಾಡದೆ ಹೋದ. ಕೆರೆಯಲ್ಲಿ ಆ ದಿನ ಕಮಾನು ನೆಟ್ಟಗೆ ನಿಂತಿತ್ತಂತೆ, ಸಾಹೇಬರು ಎರಡು ಸಲ ಹಾರಿ ಎರಡು ಸಲವೂ ಬಿದ್ದರಂತೆ. ನಾವು ನೋಡಲು ಹೋಗಲಿಲ್ಲ.

ಮಾವ ನನ್ನ ಜೊತೆ ಇನ್ನೂ ಆರು ವರ್ಷ ಇದ್ದರು. ಹೆಣ್ಣು ಕೊಡಲು ಒಬ್ಬಿಬ್ಬರು ಬಂದರು, ಪಡಸಾಲೆಯಲ್ಲಿ ಮಾವನನ್ನು ನೋಡಿ ಹೊರಟುಹೋದರು. ನನಗದರಿಂದ ಏನೂ ಅನ್ನಿಸಲಿಲ್ಲ. ಟ್ರಂಕು ತೆಗೆದು ಅವಳ ಸೀರೆಗಳನ್ನು ಯಾರಿಗೋ ಕೊಟ್ಟ ದಿನ, ಅವಳು ಹೋದ ತಿಥಿ ಬಂದ ದಿನ, ಮಾವ ನನ್ನ ಮುಖವನ್ನು ನೋಡುತ್ತಿದ್ದರು. ನಾನು ಎದ್ದು ಹೋಗಿ ಗ್ರೈಂಡರ್ ಹಚ್ಚುತ್ತಿದ್ದೆ. ಎಷ್ಟೋ ಸಲ ಗಂಟಲವರೆಗೆ ಬಂದದ್ದನ್ನು ಹಾಗೇ ಒಳಗೆ ತಳ್ಳಿದ್ದೇನೆ. ಅವರಿಗೆ ಅದು ಗೊತ್ತಿತ್ತೋ ಇಲ್ಲವೋ, ಎರಡು ಬೆರಳು ಗೊತ್ತಾದವರಿಗೆ ಅದೂ ಗೊತ್ತಾಗಿರಲೇಬೇಕು. ಮತ್ತೊಮ್ಮೆ ಅವರು ಕೇಳಲಿಲ್ಲ.

ಒಂದು ಮಧ್ಯಾಹ್ನ ಊಟ ಮಾಡಿ ಅಡ್ಡಾದವರು ಏಳಲಿಲ್ಲ. ಗುಲ್ಬರ್ಗಾದಿಂದ ಮಗ ಬರುವಷ್ಟರಲ್ಲಿ ನಾನು ಅಳಲು ಶುರುಮಾಡಿದ್ದೆ, ಮಣ್ಣು ಮಾಡಿ ಬಂದ ಮೇಲೂ ನಿಲ್ಲಲಿಲ್ಲ, ಮರುದಿನವೂ ನಿಲ್ಲಲಿಲ್ಲ. ಸತ್ತ ಮಾವನಿಗೆ ಒಬ್ಬ ಅಳಿಯ ಇಷ್ಟು ಅತ್ತದ್ದನ್ನು ನಾವು ಕಂಡಿಲ್ಲ ಎಂದು ನೆಂಟರೆಲ್ಲ ಅಂದರು. ಅದರಲ್ಲಿ ಅರ್ಧ ಅವಳಿಗೆ ಎಂದು ನಾನು ಯಾರಿಗೂ ಹೇಳಲಿಲ್ಲ.